ಸೋನಾರ್‌ಪುರದಲ್ಲಿ ಬಾಕಿ ಉಳಿದ ಮುಖ

ನಮ್ಮ ಮುದುಕ ಅಣ್ಣ ಹಿಂದಿ ಸೀಮೆಯ ಸೋನಾರ್‌ಪುರದ ಬಜಾರಿನಲ್ಲಿ ನೆಲಕ್ಕೆ ಕೂತು, ಇದ್ದಿಲಿನಿಂದ ಆ ಬಜಾರಿನದೇ ಚಿತ್ರ ಬಿಡಿಸುತ್ತಿದ್ದ. ಮುಖಗಳನ್ನು ಕೊನೆಗೆ ಬರೆಯುವುದು ಅವನ ರೂಢಿ. "ನಿಲ್ಲಿ, ಮುಖ ಬಾಕಿ ಇದೆ" ಎಂದು ಹೋಗುವವರನ್ನೆಲ್ಲ ತಡೆಯುತ್ತಿದ್ದ. ಅಲ್ಲಿನ ಕನ್ನಡ ಮಠದ ಅಡುಗೆಗೆ ತರಕಾರಿ ತರುವ ನಾನು ನಾಚಿಕೆಯಿಂದ ಮುಖ ತಿರುಗಿಸಿಕೊಂಡು ದಾಟುತ್ತಿದ್ದೆ. ಅವನು ಯಾರೆಂದು ತರಕಾರಿಯವಳು ಕೇಳಿದಾಗ ಗೊತ್ತಿಲ್ಲವೆಂದೆ.

ಮೊನ್ನೆ ಆ ಚಿತ್ರ ಚಹಾದಂಗಡಿಯ ಗೋಡೆಗೇರಿತು. ಬಜಾರೆಲ್ಲ ಅಲ್ಲಿ ನೆರೆಯಿತು.

"ಅರೇ, ಯೇ ತೋ ಮೈಂ ಹೂಂ!" ಎಂದು ತರಕಾರಿಯವಳು ಚಿತ್ರದಲ್ಲಿ ತನ್ನನ್ನೇ ಕಂಡು ಕುಣಿದಳು. ಹೂವಿನವನು ಅಣ್ಣನಿಗೆ ಚೆಂಡುಹೂವಿನ ಹಾರ ಹಾಕಿದ.

"ಮೇರಾ ಭಾಯಿ!" ನನ್ನಣ್ಣ ಎಂದು ಕೂಗಿಬಿಟ್ಟೆ.

"ಅಚ್ಛಾ, ಆಜ್ ಭಾಯಿ ಹೋ ಗಯಾ?" ಇವತ್ತು ಅಣ್ಣನಾಗಿಬಿಟ್ಟನೋ ಎಂದು ತರಕಾರಿಯವಳು ನಕ್ಕಳು.

ಚಿತ್ರದಲ್ಲಿ ಚೀಲ ಹಿಡಿದು ಓಡುವ ಒಬ್ಬನಿಗೆ ಮಾತ್ರ ಮುಖವಿರಲಿಲ್ಲ. ಅಣ್ಣ ಇದ್ದಿಲು ಕೈಗೆತ್ತಿಕೊಂಡ.

"ನಿಲ್ಲೋ, ನಿಂದು ಬಾಕಿ ಇದೆ."

ಅಷ್ಟು ಜನರ ನಡುವೆ ತಲೆಯೆತ್ತಿ ನಿಂತೆ.