ಮುನಿಯಮ್ಮಜ್ಜಿಯ ಕಣ್ಣು, ಚುಕ್ಕಿಯ ಮೂಗು

ಓದುಗರೆಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸು ಮಾಡಿದ್ದೇ ಮೂವತ್ತು ದಾಟಿದ ಮೇಲೆ. ಬರೆದು ಅಭ್ಯಾಸವಿಲ್ಲ, ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೊರೊನಾ ಮುಗಿದ ಮರುವರ್ಷ ನಾನು ಬಂಗಾರಪೇಟೆಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಫೀಲ್ಡ್ ವರ್ಕರ್ ಆಗಿ ಸೇರಿದೆ. ಬೆಳಿಗ್ಗೆ ಮಾರಿಕುಪ್ಪಂನಿಂದ ರೈಲಿನಲ್ಲಿ ಬಂದು, ಹಳ್ಳಿಗಳಿಗೆ ಹೋಗಿ ವಯಸ್ಸಾದವರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುವುದು, ಪೊರೆ ಬಂದಿದ್ದರೆ ಆಪರೇಷನ್‌ಗೆ ಕರೆತರುವುದು ನನ್ನ ಕೆಲಸ.

ಅಂಥ ಒಂದು ಹಳ್ಳಿಯಲ್ಲಿ ಮುನಿಯಮ್ಮಜ್ಜಿ ಸಿಕ್ಕರು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿನ ಪೊರೆ ಬಲಿತು ಬೆಳ್ಳಗಾಗಿ, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಇನ್ನೂ ಬಿಟ್ಟರೆ ಕಣ್ಣೊಳಗೆ ಒತ್ತಡ ಏರುತ್ತೆ. ಆಮೇಲೆ ಆಪರೇಷನ್ ಮಾಡಿದರೂ ದೃಷ್ಟಿ ಬರೋದು ಕಷ್ಟ" ಎಂದರು ನಮ್ಮ ಡಾಕ್ಟರಮ್ಮ. ಎರಡು ಸಲ ದಿನ ಗೊತ್ತು ಮಾಡಿದೆವು. ಎರಡು ಸಲವೂ ಅಜ್ಜಿ ಬರಲಿಲ್ಲ. ಅವರ ಆಸ್ಪತ್ರೆ ಕಾರ್ಡಿನಲ್ಲಿ, ಬಾರದ ಕಾರಣ ಎಂಬ ಜಾಗದಲ್ಲಿ, ನಾನು "ಭಯ" ಎಂದು ಬರೆದೆ. ಕೇಳಿ ಬರೆದದ್ದಲ್ಲ, ಎಲ್ಲರಿಗೂ ಅದೇ ಬರೆಯುತ್ತಿದ್ದೆ.

ಭಯ ಬಿಡಿಸಲು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಸೆಲ್ವರಾಜಣ್ಣನನ್ನು ಕರೆದುಕೊಂಡು ಹೋದೆ. ಆತ ಹಳೇ ಗಣಿ ಕಾರ್ಮಿಕ, ನಮ್ಮಲ್ಲೇ ಪೊರೆ ತೆಗೆಸಿಕೊಂಡವನು.

"ಅಮ್ಮಾ, ನಾನು ಪಾತಾಳಕ್ಕೆ ಇಳಿದು ಕೆಲ್ಸ ಮಾಡಿದೋನು. ಅದರ ಮುಂದೆ ಇದೆಲ್ಲಾ ಒಂದು ಲೆಕ್ಕಾನಾ? ಭಯ ಪಡಬೇಡಿ ಮಾ" ಎಂದ.

ಅಜ್ಜಿ ನನ್ನ ಕಡೆ ತಿರುಗಿದರು. "ನಂಗೆ ಭಯ ಅಂತ ಯಾವೋನು ಏಳ್ದೋನು?"

ನಾನು ತಲೆ ತಗ್ಗಿಸಿದೆ. ಆಮೇಲಷ್ಟೇ ಕೇಳಿದೆ, "ಮತ್ಯಾಕಜ್ಜಿ ಬರಲಿಲ್ಲ?"

"ಕಣ್ಣು ಕುಯ್ಸಕಂಡ್ರೆ ಒಂದು ತಿಂಗ್ಳು ಬಗ್ಗಂಗಿಲ್ಲ, ಕೊಟ್ಟಿಗೆಗೆ ಓಗಂಗಿಲ್ಲ ಅಂತೀರಲ್ಲಪ್ಪ. ನಮ್ ಚುಕ್ಕಿ ಆಲು ಯಾರು ಕರೀತಾರೆ? ನನ್ ಬಿಟ್ರೆ ಯಾರನ್ನೂ ಅತ್ರ ಸೇರ್ಸಲ್ಲ ಅವ್ಳು. ಕರೀದೆ ಬಿಟ್ರೆ ಕೆಚ್ಚಲು ಬಾವು ಬತ್ತದೆ."

ಚುಕ್ಕಿ ಅವರ ಸೀಮೆಹಸು. ಕಣ್ಣು ಕಾಣದಿದ್ದರೂ ಅಜ್ಜಿ ಕೈಯಲ್ಲೇ ತಡವಿಕೊಂಡು ಕರೆಯುತ್ತಿದ್ದರು. ಸೊಸೆ ಸುಜಾತ ತೋಳಿನ ಕಪ್ಪು ಗುರುತು ತೋರಿಸಿದಳು. "ನೋಡಿ ಸಾರ್, ಎಲ್ಡು ಸಲ ಒದ್ದವ್ಳೆ."

ಹಸುವಿನ ಹಾಲು ಬತ್ತಲು ಇನ್ನೂ ನಾಲ್ಕು ತಿಂಗಳಿತ್ತು. ಕಣ್ಣು ಅಷ್ಟು ದಿನ ಕಾಯುವಂತಿರಲಿಲ್ಲ.

"ಅಜ್ಜಿ, ಅವಳು ನಿಮ್ಮನ್ನ ಹೆಂಗೆ ಗುರುತು ಹಿಡೀತಾಳೆ?"

"ಮೂಗಲ್ಲಿ. ಅವ್ಳ ಮೂಗು ನನ್ ಕಣ್ಣಂಗಲ್ಲ, ಚೆನ್ನಾಗದೆ."

ಸುಜಾತ ಥಟ್ಟನೆ ಅಂದಳು, "ಅಂಗಾದ್ರೆ ನಿಮ್ ಸೀರೆ ಕೊಡಿ ಅತ್ತೆ. ಉಟ್ಕಂಡು ಕರೀತೀನಿ."

"ಅಯ್ಯೋ ನನ್ ಪುಣ್ಯವೇ! ನಾನು ಒಗ್ಯಾಕೆ ಆಕಿದ್ ಸೀರೆ ಬೆರಳ ತುದೀಲಿ ಎತ್ತೋಳು ನೀನು!"

ಒಗೆಯದ ಆ ಸೀರೆ ಉಟ್ಟು ಸುಜಾತ ಕರೆಯಲು ಕೂತ ಮೊದಲ ದಿನ ಚುಕ್ಕಿ ಬಕೆಟ್ ಉರುಳಿಸಿದಳಂತೆ. ಎರಡನೇ ದಿನ ಅಜ್ಜಿ ಪಕ್ಕದಲ್ಲಿ ನಿಂತು ಮಾತಾಡಿಸಿದರು. ಐದನೇ ದಿನ ಅಜ್ಜಿ ಬಾಗಿಲಾಚೆ ಇದ್ದರೂ ಹಾಲು ಬಂತು. ನಾನು ಡಾಕ್ಟರಮ್ಮನ ಹತ್ತಿರ ಓಡಿ ಮೂರನೇ ಸಲ ದಿನ ಗೊತ್ತು ಮಾಡಿಸಿದೆ. ಅಜ್ಜಿ ಎಲ್ಲರಿಗಿಂತ ಮುಂಚೆ ಬಂದು ಬೆಂಚಿನ ಮೇಲೆ ಕೂತಿದ್ದರು.

ಆಪರೇಷನ್ ಆಗಿ ವಾರ ಕಳೆದು ಕಣ್ಣು ನೋಡಲು ಅವರ ಮನೆಗೆ ಹೋದಾಗ ಸುಜಾತ ಅದೇ ಸೀರೆಯಲ್ಲಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೊರಟಿದ್ದಳು. ಜಗುಲಿಯ ಮೇಲಿದ್ದ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಲೇ ಸುಜಾತ, ಆ ಸೀರೆ ಇಷ್ಟು ಕೊಳೆನೇನೇ? ಇದನ್ನಾ ನಾನು ಉಟ್ಕಂತಿದ್ದುದು?"

"ಊಂ ಅತ್ತೆ. ಒಗದ್ರೆ ಚುಕ್ಕಿ ಒದೀತಾಳೆ. ನೀವು ಕೊಟ್ಟಿಗೆಗೆ ಬರೋಗಂಟ ಇಂಗೇ."

ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು.

ಅಂದಿನಿಂದ ನನ್ನ ಕಾರ್ಡಿನಲ್ಲಿ "ಭಯ" ಎಂದು ಕೇಳದೆ ಬರೆದಿಲ್ಲ. ಕಣ್ಣಿಗೆ ಟಾರ್ಚ್ ಬಿಡುವ ಮುಂಚೆ ಕೇಳುತ್ತೇನೆ: ನೀವು ಒಂದು ತಿಂಗಳು ಸುಮ್ಮನೆ ಕೂತರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ? ಅದಕ್ಕೆ ದಾರಿ ಕಂಡರೆ ಅರ್ಧ ಆಪರೇಷನ್ ಮುಗಿದ ಹಾಗೆ. ನಿಮ್ಮ ಮನೆಯ ಹಿರಿಯರೂ ಹೀಗೆ ಬಾಯಿಬಿಟ್ಟು ಹೇಳದ ಯಾವುದೋ ಕಾರಣಕ್ಕೆ ಆಸ್ಪತ್ರೆ ತಪ್ಪಿಸಿದ್ದರೆ, ಅದೇನಿತ್ತು, ಹೇಗೆ ಬಗೆಹರಿಯಿತು, ದಯವಿಟ್ಟು ಬರೆದು ತಿಳಿಸಿ. ನಾಳೆ ಇನ್ನೊಂದು ಹಳ್ಳಿಯಲ್ಲಿ ನನಗೆ ಉಪಯೋಗಕ್ಕೆ ಬರುತ್ತದೆ.