ನೊರೆ ಬಾರದ ಸೋಪು

ಹೆಂಡತಿ ತೀರಿಹೋದ ಮೇಲೆ ನನ್ನ ಬಟ್ಟೆ ನಾನೇ ಒಗೆಯಬೇಕಾಯಿತು. ಮನೆ ಮುಂದಿನ ಬೋರಿಂಗ್ ನೀರಲ್ಲಿ ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ಸಿಟ್ಟು ಬಂತು. ಅರ್ಧ ಸವೆದ ಸೋಪನ್ನು ಕಾಗದದಲ್ಲಿ ಸುತ್ತಿಕೊಂಡು, ಅವನಿಗೆ ಹಿಂತಿರುಗಿಸಲು ಯಗಟಿಯಿಂದ ಕಡೂರಿನ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಅವಳಿಗೆ ಸೋಪು ತೋರಿಸಿ ದೂರು ಹೇಳಿದೆ.

“ಒಗೆದಿದ್ದು ಯಾವ ನೀರಲ್ಲಿ ತಾತ?”

“ಬೋರಿಂಗ್ ನೀರು ಕಣಮ್ಮ.”

“ಹಂಗಾದ್ರೆ ಸೋಪಿನ ತಪ್ಪಲ್ಲ. ಆ ನೀರಲ್ಲಿ ಸುಣ್ಣದಂಶ ಕರಗಿರ್ತದೆ. ಸೋಪಿನ ಅಣು ಕೊಳೆ ಹಿಡಿಯೋಕೆ ಮುಂಚೆನೇ ಅದು ಸೋಪನ್ನ ಹಿಡ್ಕೊಂಡ್ಬಿಡ್ತದೆ. ಎರಡೂ ಸೇರಿ ನೊರೆ ಬರದೆ ಬರೀ ಬಿಳಿ ಗಷ್ಟಾಗ್ತದೆ. ನಾನು ಓದೋದು ಬಯಾಲಜಿ, ಆದ್ರೂ ಕೆಮಿಸ್ಟ್ರಿಲಿ ನಮಗೆ ಈ ಪಾಠ ಇದೆ.”

“ಅವೆರಡನ್ನ ಬಿಡಿಸೋಕಾಗಲ್ವಾ?”

“ಆಗಲ್ಲ ತಾತ. ಕೆರೆ ನೀರಲ್ಲಿ ಸುಣ್ಣ ಕಮ್ಮಿ, ಅಲ್ಲಿ ಒಗೀರಿ. ಅಜ್ಜಿಗೂ ಹೇಳಿ.”

ಹೂಂ ಅಂದೆ. ಅಜ್ಜಿಗೆ ಅದು ಗೊತ್ತೇ ಇತ್ತು. ಬೋರಿಂಗ್ ಬಂದ ಮೇಲೂ ಅವಳು ಬಟ್ಟೆ ಗಂಟು ಹೊತ್ತು ಕೆರೆಗೇ ಹೋಗುತ್ತಿದ್ದಳು. ಹರಟೆ ಹೊಡೆಯೋಕೆ ಹೋಗ್ತೀಯ ಅಂತ ನಾನು ವರ್ಷಗಟ್ಟಲೆ ಬೈದಿದ್ದೆ.

ಅಂಗಡಿಗೆ ಹೋಗದೆ, ಬಂದ ಬಸ್ಸಲ್ಲೇ ವಾಪಸಾದೆ. ಈಗ ಕೆರೆಯಲ್ಲೇ ಒಗೆಯುತ್ತೇನೆ. ಮುದುಕ ಹರಟೆಗೇ ಬರ್ತಾನೆ ಅಂತ ಹೆಂಗಸರು ನಗುತ್ತಾರೆ. ತೀರಿಹೋದ ನನ್ನವಳ ಬಗ್ಗೆ ಮಾತಾಡುವವರು ಅಲ್ಲಿ ಮಾತ್ರ ಸಿಗುವುದರಿಂದ, ಅದು ಪೂರ್ತಿ ಸುಳ್ಳೂ ಅಲ್ಲ.