ಹಡಗಿನ ಮಾವನ ಮೀನುಕಡ್ಡಿ

ಹೋದ ಭಾನುವಾರ ಹಿತ್ತಿಲಲ್ಲಿ ಮಜ್ಜಿಗೆಹುಲ್ಲಿನ ದಂಟು ಕೊಯ್ದು ಮೇಲಿನ ಗರಿ ಸವರುತ್ತಿದ್ದೆ. ನಿಂಬೆಯಂಥ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಂಪೌಂಡಿನ ಆಚೆ ಹಡಗಿನ ಮಾವ ಕೆಮ್ಮಿದಂತಾಯಿತು...

ಮಂಗಳೂರಿನಲ್ಲಿ ಹಡಗು ಹತ್ತಿ, ಅರ್ಧ ಆಯಸ್ಸು ಅದರ ಅಡುಗೆಮನೆಯಲ್ಲೇ ಕಳೆದು, ಕೊನೆಗೆ ನಮ್ಮ ರಾವಂದೂರಿಗೆ ವಾಪಸು ಬಂದವರು ಅವರು. ಪಕ್ಕದ ಮನೆ. ನಂಟೇನೂ ಇರಲಿಲ್ಲ, ನಮ್ಮತ್ತೆಯನ್ನು ಅಕ್ಕ ಅನ್ನುತ್ತಿದ್ದರು, ಹಾಗಾಗಿ ನನಗೆ ಮಾವ.

ನಾನು ಕೋಟೆ ತಾಲ್ಲೂಕಿನ ಕಡೆಯವಳು, ಕಬಿನಿ ಹಿನ್ನೀರಿನ ಪಕ್ಕದ ಊರು. ತವರಿನಲ್ಲಿ ಮೀನಿಲ್ಲದ ವಾರ ಕಂಡವಳೇ ಅಲ್ಲ. ಆದರೆ ನಾನು ಸೊಸೆಯಾಗಿ ಬರುವ ಮುಂಚೆಯೇ ಅತ್ತೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಸಿಕೊಂಡು, ಮೈಸೂರಿನ ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದಿದ್ದರು. ಅವತ್ತಿನಿಂದ ಈ ಮನೆಯೊಳಗೆ ಮೀನು ಬರಕೂಡದು. ಕೋಳಿ, ಕುರಿ ಎಲ್ಲ ಸೈ. ಮೀನಿನ ಮಾತೆತ್ತಿದರೆ ಕತ್ತು ಹಿಡಿದುಕೊಳ್ಳುತ್ತಿದ್ದರು. ನಾನು ಬಾಯಿ ಕಟ್ಟಿಕೊಂಡೇ ವರ್ಷಗಳು ಹೋದವು.

ಒಂದು ದಿನ ಬಟ್ಟೆ ಒಣಹಾಕುತ್ತಾ ಇದನ್ನು ಹೇಳಿಕೊಂಡೆ. ಮಾವ ನಕ್ಕುಬಿಟ್ಟರು. ಇಂಡೋನೇಷ್ಯಾದ ಒಂದು ಬಂದರಿನಲ್ಲಿ ಕಲಿತ ಅಡುಗೆಯಂತೆ, ಸಾತೆ ಅಂತ ಹೆಸರು. ಮೀನನ್ನು ನುಣ್ಣಗೆ ಕೊಚ್ಚಿ, ಕಡ್ಡಿಗೆ ಮೆತ್ತಿ, ಕೆಂಡದ ಮೇಲೆ ಸುಡುವುದು.

"ಮುಳ್ಳು ಹುಡುಕುದ್ರೂ ಸಿಗಾಕಿಲ್ಲ ಕಣವ್ವ. ಅಕ್ಕಂಗೆ ನಾನ್ ತಿನ್ನುಸ್ತೀನಿ, ನೀನ್ ಸುಮ್ಕಿರು."

ಪಿರಿಯಾಪಟ್ಟಣದಿಂದ ಅಂಜಲ್ ಮೀನು, ಒಂದಿಷ್ಟು ಸಿಗಡಿ ತಂದರು. ಒಲೆ ಹೂಡಿದ್ದು ಅವರ ಹಿತ್ತಿಲಲ್ಲಿ, ಅತ್ತೆಗೆ ಕಾಣುವ ಹಾಗೆ. ಸಣ್ಣೀರುಳ್ಳಿ, ಬೆಳ್ಳುಳ್ಳಿ, ಅರಿಸಿನ, ಒಣಮೆಣಸಿನಕಾಯಿ ಅರೆದ ಮಸಾಲೆ, ತೆಂಗಿನತುರಿ, ಚೂರು ಬೆಲ್ಲ... ಎಲ್ಲವನ್ನೂ ಕೊಚ್ಚಿದ ಮೀನು-ಸಿಗಡಿಗೆ ಹಾಕಿ ಸೌಟಿನಲ್ಲಿ ಕಲಸಿದರು. ಮಜ್ಜಿಗೆಹುಲ್ಲಿನ ದಂಟಿಗೆ ಮೆತ್ತಿ ಕೆಂಡದ ಮೇಲೆ ಹಿಡಿದರೆ, ಮೊದಲನೆಯದು ಪೊತಕ್ಕನೆ ಬೆಂಕಿಗೆ ಬಿತ್ತು. ಎರಡನೆಯದೂ ಬಿತ್ತು. ಮಾವನ ಮುಖ ಸಣ್ಣಗಾಯಿತು. ನನ್ನ ಆಸೆಯೂ ಅದರ ಜೊತೆಗೇ ಬೂದಿಯಾಯಿತು ಅಂದುಕೊಂಡೆ.

ಗೋಡೆಯ ಈಚೆ ನಿಂತಿದ್ದ ಅತ್ತೆ ಬಿಡುತ್ತಾರೆಯೇ!

"ಇದೇನ್ಲಾ, ಇದ್ನೇ ಉಣ್ಣುಸ್ಕಂಡು ದೇಸ ಸುತ್ತುದ್ಯಾ? ಹಡಗಿನೋರು ಹೆಂಗ್ ಬದುಕುದ್ರೋ!"

"ಅಲ್ಲಿ ಮಿಷಿನ್ ಕಲಸ್ತಿತ್ತು ಕಣಕ್ಕ..."

"ಸೌಟಲ್ಲಿ ಕದಡುದ್ರೆ ಕಡ್ಡಿ ಹಿಡ್ಕಂಡದಾ? ಅತ್ತಾಗ್ ಸರಿ."

ಗೇಟು ಬಳಸಿಕೊಂಡು ಹೋಗಿಯೇಬಿಟ್ಟರು. ನಾನೂ ಹಿಂದೆಯೇ ಓಡಿದೆ. ಕೈ ಒದ್ದೆ ಮಾಡಿಕೊಂಡು, ದಿನಾ ಮುದ್ದೆ ಕಟ್ಟುವ ಅದೇ ಅಂಗೈಯಿಂದ ಮೀನನ್ನು ಒತ್ತಿ ಒತ್ತಿ ನಾದಿದರು. ನಾದುತ್ತಲೇ ಅವರ ಬೆರಳುಗಳು ಮುಳ್ಳು ಹುಡುಕುತ್ತಿದ್ದವು, ನಾನು ಕಂಡೆ. ಸಿಗಲಿಲ್ಲ. ಅಂಟು ಬಂದ ಮೇಲೆ ದಂಟಿನ ಸುತ್ತ ನುಣುಪಾಗಿ ಸವರಿ ಕೊಟ್ಟರು. ಕೆಂಡದ ಮೇಲೆ ಅದು ಹೊಂಬಣ್ಣಕ್ಕೆ ತಿರುಗಿತೇ ಹೊರತು ಅಲುಗಲಿಲ್ಲ.

ಮಾವ ಕಡ್ಡಿ ನೀಡಿದರು. ಅತ್ತೆ ತುದಿ ಕಚ್ಚಿದರು. ನಿಧಾನವಾಗಿ ಅಗಿದರು. ನುಂಗಿದರು. ನನ್ನ ಕಣ್ಣು ಅವರ ಗಂಟಲ ಮೇಲೇ ಇತ್ತು.

"ಇನ್ನೊಂದ್ ಕೊಡ್ಲಾ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಏನೇ ಪಿಳಿಪಿಳಿ ಕಣ್ ಬಿಡ್ತೀಯಾ? ತಟ್ಟೆ ತಗಂಬಾ. ನಾಳಿಕ್ ನಮ್ಮೊಲೆ ಮೇಲೂ ಮೀನಾಗ್ಲಿ. ಮುಳ್ ಮಾತ್ರ ನಾನೇ ನೋಡ್ತೀನಿ."

ಮಾವ ಇಕ್ಕಳ ಮೇಲೆತ್ತಿ ಹಾಕಿದ ಕೇಕೆಗೆ ಬೀದಿನಾಯಿಗಳೆಲ್ಲ ಎದ್ದು ಕೂತವು!

ಮಾವ ತೀರಿಹೋಗಿ ಎರಡು ಮಳೆಗಾಲ ಕಳೆದವು. ಅವರ ಹಿತ್ತಿಲಿನ ಮಜ್ಜಿಗೆಹುಲ್ಲಿನ ಒಂದು ಬುಡ ಈಗ ನಮ್ಮ ಕಡೆ ಪೊದೆಯಾಗಿದೆ. ಭಾನುವಾರ ನಾನೇ ನಾದಿದೆ. ಕುರ್ಚಿಯಲ್ಲಿ ಕೂತ ಅತ್ತೆ ಬೆರಳಿಟ್ಟು ನೋಡಿ, "ಆಯ್ತು, ಸಾಕು" ಅಂದರು. ಎಲ್ಲ ಕಡ್ಡಿಯೂ ಸುಟ್ಟಾಯಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ, ಎಂದಿನಂತೆ ಗಟ್ಟಿಯಾಗಿ ಕೂಗಿದರು:

"ನೋಡ್ಲಾ, ಒಂದೂ ಬಿದ್ದಿಲ್ಲ!"

ಕೂಗಿದ ಮೇಲೆ ಅವರಿಗೆ ನೆನಪಾಯಿತು... ಕೈಯಲ್ಲಿದ್ದ ಬಿಸಿ ಕಡ್ಡಿಯನ್ನು ನಾನು ಗೋಡೆಯ ಮೇಲಿಟ್ಟು ಬಂದೆ.